ಕಿವಿಗೂ ಮಾರ್ಕು ಕೊಡಿ

"ಅವನಿಗೆ ಸಂಗೀತ ಎಲ್ಲಿ ಬರುತ್ತೆ? ಸುಮ್ಮನೆ ಕೇಳಿಕೊಂಡು ಬಾರಿಸ್ತಾನೆ, ಅಷ್ಟೆ." ಈ ಮಾತನ್ನು ನಾನು ನಮ್ಮ ಮಂಡ್ಯ ಜಿಲ್ಲೆಯ ನಾಲ್ಕು ತಾಲ್ಲೂಕುಗಳಲ್ಲಿ ಕೇಳಿದ್ದೇನೆ. ವರ್ಗಾವಣೆಯ ದೆಸೆಯಿಂದ ನಾಗಮಂಗಲ, ಕೆ.ಆರ್. ಪೇಟೆ, ಪಾಂಡವಪುರ ಸುತ್ತಿ ಈಗ ಶ್ರೀರಂಗಪಟ್ಟಣಕ್ಕೆ ಬಂದು ಕನ್ನಡ ಪಾಠ ಹೇಳುತ್ತಿರುವವಳು ನಾನು. ಊರು ಬದಲಾದರೂ ಈ ಮಾತು ಬದಲಾಗಲಿಲ್ಲ. ಹೇಳುವವರು ಸಾಮಾನ್ಯವಾಗಿ ಓದಿದವರು, ಒಂದೆರಡು ಪರೀಕ್ಷೆ ಪಾಸಾದವರು, ಇಲ್ಲವೇ ತಮ್ಮ ಮಕ್ಕಳನ್ನು ಪರೀಕ್ಷೆಗೆ ಕಟ್ಟಿಸಿದವರು. ಯಾರನ್ನು ಕುರಿತು ಹೇಳುತ್ತಾರೋ ಅವರು ಮಾತ್ರ ಅಲ್ಲಿಯೇ ನಿಂತು ತಲೆ ತಗ್ಗಿಸಿಕೊಂಡು ನಗುತ್ತಿರುತ್ತಾರೆ. ಆ ನಗು ನೋಡಿ ನೋಡಿ ನನಗೆ ಸಾಕಾಗಿದೆ. ಆದ್ದರಿಂದ ಈ ಬರಹ.

ಮೊದಲು ಆ ಮಾತಿನಲ್ಲಿರುವ ತಮಾಷೆಯನ್ನು ನೋಡಿ. ಸಂಗೀತವನ್ನು ಕೇಳಿ ಕಲಿಯದೆ ಮತ್ತೆ ಹೇಗೆ ಕಲಿಯಬೇಕು? ಮೂಸಿ ನೋಡಿ ಕಲಿಯಬೇಕೆ? ಹಾಡುವವರು ತಂಬೂರಿ ಹಿಡಿದ ಕೂಡಲೇ ಸೇರಿಸುವುದು ಶ್ರುತಿಯನ್ನು. ಶ್ರುತಿ ಎಂದರೆ ಕೇಳಿದ್ದು ಎಂದರ್ಥ. ವೇದಕ್ಕೂ ಅದೇ ಹೆಸರು. ಬಹಳ ತಿಳಿದವನನ್ನು ನಾವು ಬಹುಶ್ರುತ ಎನ್ನುತ್ತೇವೆ, ಬಹಳ ಕೇಳಿದವನು ಎಂದು. ಹೊಗಳುವಾಗ ಕೇಳಿದವನು, ಹೀಗಳೆಯುವಾಗಲೂ ಕೇಳಿದವನು! ಮೇಲುಕೋಟೆ ನಮ್ಮ ಪಾಂಡವಪುರ ತಾಲ್ಲೂಕಿನದೇ. ವೇದ ಕಲಿಯುವ ಹುಡುಗರಿಗೆ ಗುರುಗಳು ಒಮ್ಮೆ ಹೇಳುತ್ತಾರೆ, ಹುಡುಗರು ಎರಡೆರಡು ಸಲ ಹೇಳುತ್ತಾರೆ. ಅದಕ್ಕೆ ಸಂಥೆ ಎಂದು ಹೆಸರು. ಅಕ್ಷರ, ಸ್ವರ, ಮಾತ್ರೆ ಒಂದೂ ತಪ್ಪದಂತೆ ಸಾವಿರಾರು ವರ್ಷ ಕಿವಿಯಿಂದ ಕಿವಿಗೆ ಬಂದ ವಿದ್ಯೆ ಅದು. ಅದನ್ನು ನೋಡಿ ಬೆರಗಾಗುತ್ತೇವೆ, ಬೆರಗಾಗಬೇಕಾದ್ದೇ. ಆದರೆ ಅದೇ ಬೆಟ್ಟದ ಕೆಳಗಿನ ಊರಿನಲ್ಲಿ ಮುದುಕಿಯೊಬ್ಬಳು ಒಂದು ಸಾಲು ಹೇಳಿಕೊಟ್ಟು, ಸೊಸೆಯಂದಿರು ಅದನ್ನೇ ಹಿಂದೆ ಹೇಳಿ, ಇಡೀ ರಾತ್ರಿಯ ಸೋಬಾನೆ ಪದಗಳನ್ನು ಕಲಿತರೆ ಅದು "ಸುಮ್ಮನೆ ಕೇಳಿಕೊಂಡು ಹಾಡೋದು" ಆಗಿಬಿಡುತ್ತದೆ. ಕಲಿಯುವ ಬಗೆ ಒಂದೇ ಆಗಿರುವಾಗ ಒಂದು ವಿದ್ಯೆ, ಇನ್ನೊಂದು ಅಭ್ಯಾಸಬಲ ಆದದ್ದು ಹೇಗೆ?

ಈ ಸೋಬಾನೆಯವರ ವಿಷಯವನ್ನೇ ಸ್ವಲ್ಪ ಹೇಳಬೇಕು. ಚಪ್ಪರ ಹಾಕುವುದಕ್ಕೊಂದು, ಅರಿಶಿನ ಹಚ್ಚುವುದಕ್ಕೊಂದು, ಹಸೆಗೆ ಕರೆಯುವುದಕ್ಕೊಂದು, ಧಾರೆಗೊಂದು, ಹೆಣ್ಣು ಒಪ್ಪಿಸುವುದಕ್ಕೊಂದು ಎಂದು ಅವರ ಬಳಿ ಪದಗಳಿವೆ. ಅವುಗಳಲ್ಲಿ ಎಷ್ಟೋ ತ್ರಿಪದಿಯಲ್ಲಿವೆ. ನಾನು ಬಿ.ಎ. ತರಗತಿಯಲ್ಲಿ ತ್ರಿಪದಿಯ ಲಕ್ಷಣವನ್ನು ಬಾಯಿಪಾಠ ಮಾಡಿದವಳು: ಒಟ್ಟು 11 ಗಣ, ಅದರಲ್ಲಿ 6ನೆಯದೂ 10ನೆಯದೂ ಬ್ರಹ್ಮಗಣ, ಉಳಿದವು ವಿಷ್ಣುಗಣ. ಇದನ್ನು ಕಪ್ಪು ಹಲಗೆಯ ಮೇಲೆ ಬರೆದು ಮಕ್ಕಳಿಗೆ ಗಣ ವಿಭಾಗ ಮಾಡಿ ಅಂದರೆ ನಲವತ್ತು ಮಕ್ಕಳಲ್ಲಿ ಮೂವತ್ತು ಮಕ್ಕಳು ತಪ್ಪು ಮಾಡುತ್ತಾರೆ. ರಾಗಿ ಬೀಸುತ್ತ ಹಾಡಿದ ಹೆಂಗಸರಿಗೆ ಗಣದ ಹೆಸರೇ ತಿಳಿಯದು. ಆದರೆ ಆರನೆಯ ಗಣಕ್ಕೆ ಬಂದಾಗ ಅವರ ದನಿ ತಾನಾಗಿ ಮೊಟಕಾಗುತ್ತದೆ, ಹತ್ತನೆಯದಕ್ಕೆ ಬಂದಾಗ ಮತ್ತೆ ಮೊಟಕಾಗುತ್ತದೆ. ಪದ ಮರೆತಾಗ ಅಲ್ಲಿಯೇ ಹೊಸ ಮಾತು ಕಟ್ಟಿ ಸೇರಿಸಿದರೂ ಛಂದಸ್ಸು ಕೆಡುವುದಿಲ್ಲ. ಇದನ್ನು ತಿಳಿವಳಿಕೆ ಎನ್ನದೆ ಬೇರೆ ಏನೆನ್ನುವುದು? ಒಂಬತ್ತನೆಯ ಶತಮಾನದ ಕವಿರಾಜಮಾರ್ಗವೇ ಕನ್ನಡನಾಡಿನ ಜನ ಉದ್ದೇಶಪೂರ್ವಕವಾಗಿ ಓದದೆಯೂ ಕಾವ್ಯಪ್ರಯೋಗದಲ್ಲಿ ನುರಿತವರು ಎಂದು ಹೇಳಿದೆ. ಆ ಮಾತನ್ನು ರಾಜ್ಯೋತ್ಸವದ ಭಾಷಣದಲ್ಲಿ ಎತ್ತಿ ಹೇಳದವರಿಲ್ಲ. ಭಾಷಣ ಮುಗಿದ ಮೇಲೆ ಅಂಥವರೊಬ್ಬರು ಎದುರಿಗೆ ಬಂದರೆ "ಏನು ಪಾಸಾಗಿದ್ದೀರಿ?" ಎಂದು ಕೇಳುತ್ತೇವೆ.

ಹಾಗೆ ಕೇಳದ ದೊಡ್ಡವರೂ ನಮ್ಮಲ್ಲೇ ಇದ್ದರು. ನಾಗಮಂಗಲ ತಾಲ್ಲೂಕಿನ ಹೆರಗನಹಳ್ಳಿಯಲ್ಲಿ 1915ರಲ್ಲಿ ಹುಟ್ಟಿದ ಎಚ್.ಎಲ್. ನಾಗೇಗೌಡರು ದೊಡ್ಡ ಸರ್ಕಾರಿ ಅಧಿಕಾರಿಯಾಗಿದ್ದುಕೊಂಡೇ ಹಳ್ಳಿಯ ಹಾಡುಗಾರರ ಮುಂದೆ ಕುಳಿತು ಕೇಳಿದರು. ರಾಮನಗರದ ಬಳಿ ಜಾನಪದ ಲೋಕ ಕಟ್ಟಿದರು. ಅದೇ ತಾಲ್ಲೂಕಿನ ಅಂಬಲಜೀರಹಳ್ಳಿಯ ಜೀ.ಶಂ. ಪರಮಶಿವಯ್ಯನವರು ಜನಪದ ಕಾವ್ಯಗಳಿಗಾಗಿ ಊರೂರು ಅಲೆದರು. ಇವರು ತುಂಬಿಸಿಕೊಂಡು ಬಂದದ್ದೆಲ್ಲ ಕೇಳಿ ಕಲಿತವರ ಬಾಯಿಂದ. ಅವರಿಂದ ಪದ ಪಡೆದು ಪುಸ್ತಕ ಮಾಡಿದವರಿಗೆ ಡಾಕ್ಟರೇಟ್ ಸಿಕ್ಕಿದೆ. ಸಿಗಲಿ, ಸಂತೋಷ. ಪದ ಕೊಟ್ಟವರಿಗೆ "ಸಂಗೀತ ಬರುವುದಿಲ್ಲ" ಎಂಬ ಬಿರುದಾದರೂ ತಪ್ಪಬಾರದೆ?

ಇನ್ನು ನಮ್ಮ ಕಡೆಯ ಹಾರ್ಮೋನಿಯಂ ಮೇಷ್ಟ್ರುಗಳು. ಮಂಡ್ಯ ಸೀಮೆಯಲ್ಲಿ ಪೌರಾಣಿಕ ನಾಟಕದ ಹುಚ್ಚು ಎಷ್ಟೆಂಬುದನ್ನು ನಾನು ಹೇಳಬೇಕಾಗಿಲ್ಲ. ಕುರುಕ್ಷೇತ್ರವೋ ದಾನಶೂರ ಕರ್ಣವೋ ಗೊತ್ತಾದರೆ ತಿಂಗಳುಗಟ್ಟಲೆ ರಾತ್ರಿ ಪ್ರಾಕ್ಟೀಸು. ಹಗಲೆಲ್ಲ ಕಬ್ಬು ಕಡಿದು, ಗದ್ದೆಗೆ ನೀರು ಕಟ್ಟಿ ಬಂದ ರೈತರು ರಾಮಮಂದಿರದಲ್ಲಿ ಸೇರುತ್ತಾರೆ. ಮೇಷ್ಟ್ರು ಕಾಲಿನಲ್ಲಿ ತುಳಿಯುವ ಹಾರ್ಮೋನಿಯಂ ಮುಂದೆ ಕುಳಿತು ಮಟ್ಟು ನುಡಿಸಿ ಹಾಡುತ್ತಾರೆ, ಪಾತ್ರಧಾರಿ ಹಿಂದೆ ಹಾಡುತ್ತಾನೆ. ಮೋಹನ, ಹಿಂದೋಳ, ಕಾನಡ ಎಂದು ರಾಗದ ಹೆಸರು ಕೆಲವರಿಗೆ ಗೊತ್ತು, ಕೆಲವರಿಗೆ ಗೊತ್ತಿಲ್ಲ. ಯಾರ ಕೈಯಲ್ಲಿಯೂ ಸ್ವರ ಬರೆದ ಕಾಗದವಿಲ್ಲ. ಕೃಷ್ಣನ ಪಾತ್ರದವನ ದನಿ ಒಂದು ಶ್ರುತಿಗೆ ಕೂಡುತ್ತದೆ, ದುರ್ಯೋಧನನದು ಇನ್ನೊಂದಕ್ಕೆ. ಶ್ರುತಿ ಬದಲಾದರೆ ಹಾರ್ಮೋನಿಯಂ ಮೇಲೆ ಬೆರಳ ಜಾಗವೆಲ್ಲ ಬದಲಾಗುತ್ತದೆ, ಕಪ್ಪು ಮನೆ ಬರುವಲ್ಲಿ ಬಿಳಿ ಮನೆ ಬರುತ್ತದೆ. ಮೇಷ್ಟ್ರು ಇದನ್ನು ಪಾತ್ರಧಾರಿ ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಮಾಡಿ ಮುಗಿಸುತ್ತಾರೆ.

ಕೆ.ಆರ್. ಪೇಟೆ ತಾಲ್ಲೂಕಿನಲ್ಲಿದ್ದಾಗ ಇಂಥ ವೃದ್ಧ ಮೇಷ್ಟ್ರೊಬ್ಬರು ನಮ್ಮ ಶಾಲೆಗೆ ಬಂದು ಮಕ್ಕಳಿಗೆ ಒಂದು ಆಟ ತೋರಿಸಿದರು. ಹಾರ್ಮೋನಿಯಂನಲ್ಲಿ ಕಪ್ಪು ಮನೆಗಳು ಎರಡರ ಗುಂಪು, ಮೂರರ ಗುಂಪು ಎಂದು ಇರುತ್ತವಲ್ಲ; ಬಿಳಿ ಮನೆಯನ್ನು ಮುಟ್ಟದೆ ಬರಿಯ ಆ ಐದು ಕಪ್ಪು ಮನೆಗಳಲ್ಲೇ ಓಡಾಡಿದರು. ಮೂರರ ಗುಂಪಿನ ಮೊದಲನೆಯದನ್ನು ಷಡ್ಜ ಮಾಡಿಕೊಂಡರೆ ಮೋಹನ ಕೇಳಿಸಿತು. ನಡುವಿನದನ್ನು ಷಡ್ಜ ಮಾಡಿಕೊಂಡರೆ ಮಧ್ಯಮಾವತಿ. ಮೂರನೆಯದನ್ನು ಮಾಡಿಕೊಂಡರೆ ಹಿಂದೋಳ. "ಮನೆ ಅವೇ ಕಣ್ರಪ್ಪ, ಯಜಮಾನ ಬದ್ಲಾದ ಅಷ್ಟೆ" ಎಂದರು. ಶಾಸ್ತ್ರದಲ್ಲಿ ಇದಕ್ಕೆ ಗ್ರಹಭೇದ ಎಂದು ಹೆಸರಿದೆ. ಅವರಿಗೆ ಆ ಹೆಸರು ಗೊತ್ತಿರಲಿಲ್ಲ. ಹೆಸರು ಗೊತ್ತಿದ್ದು ಅದನ್ನು ಕಿವಿಯಲ್ಲಿ ಗುರುತಿಸಲಾರದವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಅವರ ಬಳಿ ಸರ್ಟಿಫಿಕೇಟು ಇತ್ತು.

ಈ ಮೇಷ್ಟ್ರಿಗೆ ವಯಸ್ಸಾಗಿ ಕಾಲು ಸೋತಾಗ, ಕಷ್ಟದಲ್ಲಿರುವ ಕಲಾವಿದರಿಗೆ ಸರ್ಕಾರ ಕೊಡುವ ಮಾಸಾಶನಕ್ಕೆ ಅರ್ಜಿ ಬರೆದುಕೊಟ್ಟವಳು ನಾನೇ. ಕಚೇರಿಯೊಂದರಲ್ಲಿ ಕೇಳಿದರು: "ಯಾರ ಹತ್ತಿರ ಕಲಿತದ್ದು ಮೇಡಂ? ಗುರುಗಳ ಪತ್ರ ಇದೆಯಾ? ಪರೀಕ್ಷೆ ಯಾವುದಾದ್ರೂ ಕಟ್ಟಿದ್ರಾ? ಪೇಪರಿನಲ್ಲಿ ಬಂದಿದ್ದ ಕಟಿಂಗು?" ಮೇಷ್ಟ್ರು ನನ್ನ ಕಡೆ ತಿರುಗಿದರು. "ಯಾರ ಹೆಸ್ರ ಬರ್ಸನವ್ವಾ? ಒಬ್ರಾ, ಇಬ್ರಾ? ಕಂಪ್ನಿ ನಾಟ್ಕದೋರು ಬಂದಾಗ ಪರದೆ ಹಿಂದ್ಲಿಂದ ಕೇಳ್ದೆ. ಜಾತ್ರೇಲಿ ಓಲಗದೋರ ಹಿಂದೆ ನಡ್ಕೊಂಡೋಗಿ ಕೇಳ್ದೆ. ರೇಡಿಯೋಲಿ ಕೇಳ್ದೆ. ಎಲ್ಲರ್ದೂ ಋಣ ಅದೆ." ಅರ್ಜಿ ವಾಪಸು ಬಂತು, ದಾಖಲೆ ಸಾಲದು ಎಂದು. ನೂರಾರು ಊರಿನ ಸಾವಿರಾರು ಜನ ರಾತ್ರಿಯಿಡೀ ಕಣ್ಣಾರೆ ನೋಡಿದ್ದು ದಾಖಲೆಯಲ್ಲ. ನಾಲ್ಕು ಸಾಲಿನ ಒಂದು ಕಾಗದ ದಾಖಲೆ.

ಪಾಪ, ಅವರ ವಾದ್ಯದ ಹಣೆಬರಹವೂ ಅಂಥದ್ದೇ. ರೇಡಿಯೋದವರು 1940ರಿಂದ 1971ರವರೆಗೆ ಹಾರ್ಮೋನಿಯಂ ಅನ್ನು ಬಾಗಿಲ ಹೊರಗೆ ನಿಲ್ಲಿಸಿದ್ದರು. ಗಮಕ ನುಡಿಯುವುದಿಲ್ಲ, ಸೂಕ್ಷ್ಮ ಶ್ರುತಿ ಬರುವುದಿಲ್ಲ ಎಂಬುದು ಆಕ್ಷೇಪ. ಆಕ್ಷೇಪದಲ್ಲಿ ಹುರುಳಿಲ್ಲದೆ ಇಲ್ಲ. ಆದರೆ ಆ ಮೂವತ್ತೊಂದು ವರ್ಷವೂ ಹಳ್ಳಿಯ ಜನಕ್ಕೆ ರಾಗವೆಂದರೇನು ಎಂದು ಕೇಳಿಸಿದ್ದು ಆ ಬಹಿಷ್ಕೃತ ಪೆಟ್ಟಿಗೆಯೇ.

ನನ್ನನ್ನು ಹೆಚ್ಚು ನೋಯಿಸಿದ ಸಂಗತಿ ಬೇರೆ. ಒಂಬತ್ತನೆಯ ತರಗತಿಯ ಹುಡುಗಿ, ಕೂಲಿಯವರ ಮಗಳು, ಅಜ್ಜಿ ಸೋಬಾನೆ ಹಾಡುವವಳು. ಶಾಲೆಯ ಹಾರ್ಮೋನಿಯಂ ಮೇಲೆ ಯಾರೂ ಹೇಳಿಕೊಡದೆ ಪ್ರಾರ್ಥನೆಯನ್ನು ನುಡಿಸಿದಳು. ಹೇಗೆ ಮಾಡಿದಳೆಂದು ನಾನು ಪಕ್ಕದಲ್ಲಿ ಕುಳಿತು ನೋಡಿದ್ದೇನೆ. ಮೊದಲು ಒಂದು ಸಾಲನ್ನು ಬಾಯಲ್ಲಿ ಗುನುಗುತ್ತಾಳೆ. ಆ ಸಾಲು ಎಲ್ಲಿ ಬಂದು ಕೂರುತ್ತದೋ ಆ ಸ್ವರವನ್ನು ಬೆರಳಲ್ಲಿ ಹುಡುಕುತ್ತಾಳೆ. ಅದು ಸಿಕ್ಕಿದ ಮೇಲೆ ಅಲ್ಲಿಂದ ಒಂದೊಂದು ಮನೆ ಹತ್ತುತ್ತಾಳೆ, ಇಳಿಯುತ್ತಾಳೆ. ತಪ್ಪಿದರೆ ಮುಖ ಹುಳ್ಳಗೆ ಮಾಡಿ ಪಕ್ಕದ ಮನೆ ಒತ್ತುತ್ತಾಳೆ. ಕನ್ನಡದಲ್ಲಿ 'ಕೇಳು' ಎಂದರೆ ಆಲಿಸು ಎಂದೂ ಹೌದು, ಪ್ರಶ್ನೆ ಹಾಕು ಎಂದೂ ಹೌದು. ಆ ಹುಡುಗಿ ಎರಡನ್ನೂ ಒಟ್ಟಿಗೆ ಮಾಡುತ್ತಿದ್ದಳು. ಇದೇನಾ ಸ್ವರ, ಅಲ್ಲವಾ, ಹಾಗಾದರೆ ಇದಾ ಎಂದು ಬೆರಳಿಂದ ಕೇಳುವುದು, ಕಿವಿಯಿಂದ ಉತ್ತರ ಪಡೆಯುವುದು. ಬಿ.ಎಡ್.ನಲ್ಲಿ ನಮಗೆ ಅನ್ವೇಷಣಾ ವಿಧಾನ ಎಂದು ಪಾಠ ಮಾಡಿದ್ದರಲ್ಲ, ಅದನ್ನು ಕಣ್ಣೆದುರು ಕಂಡದ್ದು ನನಗೆ ಅಂದೇ.

ಪೇಟೆಯ ಸಂಗೀತದ ಕ್ಲಾಸೊಂದಕ್ಕೆ ಅವಳನ್ನು ಕಳಿಸಿದೆವು. ಅಲ್ಲಿ ಅವಳ ನುಡಿಸಾಣಿಕೆಯನ್ನು ಪೂರ್ತಿ ಕೇಳುವಷ್ಟು ಪುರುಸೊತ್ತೂ ಅವರಿಗಿರಲಿಲ್ಲ. "ಕೈ ಕೆಟ್ಟಿದೆ. ಕಲಿತದ್ದನ್ನೆಲ್ಲ ಮರೆತು ಬಂದರೆ ಸರಳೆ ವರಸೆಯಿಂದ ಹೇಳಿಕೊಡೋಣ" ಎಂದರಂತೆ. ಎರಡು ವಾರ ಹೋದಳು. ಮೂರನೆಯ ವಾರ ನಾನು ಕೇಳಿದಾಗ, "ನಂಗೆ ಬರೋದೆಲ್ಲ ತಪ್ಪಂತೆ ಮಿಸ್" ಎಂದು ಹೇಳಿ ಸುಮ್ಮನಾದಳು. ಶಾಲೆಯ ಹಾರ್ಮೋನಿಯಂ ಅನ್ನೂ ಮತ್ತೆ ಮುಟ್ಟಲಿಲ್ಲ.

ಸರಳೆ ವರಸೆ ಬೇಡವೆಂದು ನಾನು ಹೇಳುತ್ತಿಲ್ಲ. ಪುರಂದರದಾಸರು ಹಾಕಿಕೊಟ್ಟ ಹಾದಿ ಎಂದು ನಂಬಿ ಶತಮಾನಗಳಿಂದ ನಡೆದುಬಂದ ಪಾಠಕ್ರಮವದು. ನಾನು ಹೇಳುವುದು ಇಷ್ಟೆ: ಒಂದನೆಯ ತರಗತಿಗೆ ಮಗು ಬಂದಾಗ ಅದಕ್ಕೆ ಕನ್ನಡ ಮಾತಾಡಲು ಬರುತ್ತಿರುತ್ತದೆ. "ನಿನ್ನ ಮಾತೆಲ್ಲ ಕೆಟ್ಟಿದೆ, ಮರೆತು ಬಾ, ಅ ಆ ಇ ಈ ಕಲಿತ ಮೇಲೆ ಮಾತಾಡುವಿಯಂತೆ" ಎನ್ನುವ ಮೇಷ್ಟ್ರು ಯಾರಾದರೂ ಇದ್ದಾರೆಯೆ? ಮಾತಿನ ಮೇಲೆ ಅಕ್ಷರವನ್ನು ಕೂರಿಸುತ್ತೇವೆ. ಜಪಾನಿನ ಪಿಟೀಲು ವಾದಕ ಶಿನಿಚಿ ಸುಜುಕಿ (1898–1998) ಇದನ್ನೇ ಹಿಡಿದು ಒಂದು ಪದ್ಧತಿಯನ್ನೇ ಕಟ್ಟಿದರು. ಜಪಾನಿನ ಮಕ್ಕಳೆಲ್ಲ ಜಪಾನಿ ಭಾಷೆಯನ್ನು ಸಲೀಸಾಗಿ ಕಲಿಯುವುದಾದರೆ ಸಂಗೀತವನ್ನೂ ತಾಯಿನುಡಿಯಂತೆ ಏಕೆ ಕಲಿಯಬಾರದು ಎಂದು ಕೇಳಿದರು. ಮೊದಲು ಕೇಳುವುದು, ನುಡಿಸುವುದು. ಸ್ವರಲಿಪಿ ಓದುವುದು ಆಮೇಲೆ. ಇಂದು ಹಲವು ದೇಶಗಳಲ್ಲಿ ಮಕ್ಕಳು ಹಾಗೆ ಕಲಿಯುತ್ತಾರೆ. ಅದೇ ಕೆಲಸವನ್ನು ನಮ್ಮ ಹಳ್ಳಿಯ ಹುಡುಗಿ ತಾನಾಗಿ ಮಾಡಿದರೆ ಕೈ ಕೆಟ್ಟಿತು!

ಕೇಳಿ ಕಲಿತರೆ ಪಾಠ ಕೆಡುತ್ತದೆ, ಮಾತು ಬದಲಾಗುತ್ತದೆ, ಬರೆದಿಟ್ಟರೆ ಮಾತ್ರ ಉಳಿಯುತ್ತದೆ ಎಂದು ವಾದಿಸುವವರಿದ್ದಾರೆ. ಅರ್ಧ ನಿಜ. ನಾಟಕದ ಹಾಡುಗಳಲ್ಲಿ ಸಂಸ್ಕೃತ ಪದಗಳು ಹೇಗೆ ನುಜ್ಜುಗುಜ್ಜಾಗುತ್ತವೆ ಎಂಬುದನ್ನು ಕನ್ನಡ ಮೇಷ್ಟರಾಗಿ ನಾನೂ ಬಲ್ಲೆ. ಸುಬ್ಬರಾಮ ದೀಕ್ಷಿತರು 1904ರಲ್ಲಿ ಸಂಗೀತ ಸಂಪ್ರದಾಯ ಪ್ರದರ್ಶಿನಿಯನ್ನು ಅಚ್ಚು ಹಾಕಿಸದೆ ಹೋಗಿದ್ದರೆ ಮುತ್ತುಸ್ವಾಮಿ ದೀಕ್ಷಿತರ ಕೃತಿಗಳ ವಿಷಯದಲ್ಲಿ ನಾವು ಎಷ್ಟು ಬಡವರಾಗುತ್ತಿದ್ದೆವೋ! ಆದರೆ ಗಮಕಗಳಿಗೂ ಗುರುತು ಹಾಕಿದ ಆ ಗ್ರಂಥವನ್ನು ಎದುರಿಗಿಟ್ಟುಕೊಂಡು, ಎಂದೂ ಭೈರವಿ ಕೇಳದವನು ಭೈರವಿ ಹಾಡಬಲ್ಲನೆ? ಆ ಗುರುತು ಅರ್ಥವಾಗುವುದು ಕೇಳಿದ ಕಿವಿಗೆ. ಭಾತಖಂಡೆಯವರು ಉತ್ತರಾದಿಯ ಚೀಜುಗಳನ್ನು ಬರೆದಿಟ್ಟದ್ದು ಕೂಡ ಉಸ್ತಾದರ ಬಾಯಿಂದ ಕೇಳಿಯೇ. ಬರಹ ಕಿವಿಗೆ ಸಹಾಯಕ. ಯಜಮಾನಿಕೆಯನ್ನು ಅದಕ್ಕೆ ಯಾರೂ ಬರೆದುಕೊಟ್ಟಿಲ್ಲ.

ಗದುಗಿನ ಕಡೆ ನೋಡಿ. ವೀರೇಶ್ವರ ಪುಣ್ಯಾಶ್ರಮದ ಪಂಚಾಕ್ಷರಿ ಗವಾಯಿಗಳು ಅಂಧರು, ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳೂ ಅಂಧರು. ಕಣ್ಣಿಲ್ಲದ ಎಷ್ಟೋ ಮಕ್ಕಳನ್ನು ಸಂಗೀತಗಾರರನ್ನಾಗಿ ಮಾಡಿದ ಜಾಗ ಅದು, ಕಿವಿಯ ಬಲದಿಂದ. ಅದೇ ಗದುಗಿನಿಂದ ಭೀಮಸೇನ ಜೋಶಿಯವರು ಹನ್ನೊಂದರ ವಯಸ್ಸಿನಲ್ಲಿ ಮನೆ ಬಿಟ್ಟು ಗುರುವನ್ನು ಹುಡುಕಿ ಹೊರಟರು. ಹೊರಡಿಸಿದ್ದು ಅಬ್ದುಲ್ ಕರೀಂ ಖಾನರ ಒಂದು ಗ್ರಾಮಫೋನ್ ರೆಕಾರ್ಡು. ಗಂಗೂಬಾಯಿ ಹಾನಗಲ್ಲರು ತಾಯಿ ಅಂಬಾಬಾಯಿಯವರ ಕರ್ನಾಟಕ ಸಂಗೀತವನ್ನು ಕೇಳುತ್ತ ಬೆಳೆದವರು, ಆಮೇಲೆ ಕುಂದಗೋಳಕ್ಕೆ ಹೋಗಿ ಸವಾಯಿ ಗಂಧರ್ವರ ಮುಂದೆ ಕುಳಿತು ಕೇಳಿದವರು. ಶಾಲೆ ಓದಿದ್ದು ಐದನೆಯ ತರಗತಿಯವರೆಗೆ. ಇಂದು ಮೈಸೂರಿನಲ್ಲಿ ಅವರ ಹೆಸರಿನ ಸಂಗೀತ ವಿಶ್ವವಿದ್ಯಾಲಯವಿದೆ. ತಕ್ಕ ಗೌರವವೇ. ಅಷ್ಟು ಎತ್ತರಕ್ಕೆ ಹೋದ ಮೇಲೆ ಯಾರೂ ಸರ್ಟಿಫಿಕೇಟು ಕೇಳುವುದಿಲ್ಲ. ಕೇಳುವುದು ತಾಲ್ಲೂಕಿನ ಮಟ್ಟದಲ್ಲಿ, ಬಡವರನ್ನು.

ಇಲ್ಲಿಯೇ ಇರುವುದು ನನ್ನ ಸಿಟ್ಟಿನ ಬೇರು. ಕೇಳಿ ಕಲಿತವರು ಎಂದರೆ ಯಾರು? ಲೆಕ್ಕ ಹಾಕಿ ನೋಡಿ. ತಮಟೆಯ ಗತ್ತುಗಳನ್ನು ಅಪ್ಪನ ಕೈ ನೋಡಿ ಕಲಿತ ಹುಡುಗರು, ತಂಬೂರಿ ಮೀಟಿ ಮಂಟೇಸ್ವಾಮಿ ಕಥೆ ಹಾಡುವ ನೀಲಗಾರರು, ಕಂಸಾಳೆಯ ದೇವರ ಗುಡ್ಡರು, ಸೋಬಾನೆಯ ಹೆಂಗಸರು, ನಾಟಕದ ರೈತರು. ಇವರಲ್ಲಿ ಎಷ್ಟು ಜನರನ್ನು ಪಾಠದ ಕೋಣೆಯ ಒಳಗೆ ಕರೆದಿದ್ದರು? ಫೀಸು ಕೊಡಲಾಗದವರು ಕೆಲವರು, ಜಾತಿಯ ಕಾರಣಕ್ಕೆ ಹೊಸ್ತಿಲು ದಾಟಲಾಗದವರು ಕೆಲವರು, ಹೆಣ್ಣೆಂಬ ಕಾರಣಕ್ಕೆ ಮನೆಯ ಹೊಸ್ತಿಲನ್ನೇ ದಾಟಲಾಗದವರು ಕೆಲವರು. ಬಾಗಿಲು ಹಾಕಿಕೊಂಡಾಗಲೂ ಗೋಡೆಯಾಚೆಗೆ ಬರುವುದು ದನಿಯೊಂದೇ. ಅದನ್ನು ಹಿಡಿದುಕೊಂಡು ಅವರು ಬೆಳೆದರು. ಒಳಗೆ ಬಿಡದವರೇ ಈಗ "ಒಳಗೆ ಕಲಿತಿದ್ದಕ್ಕೆ ರಸೀದಿ ಎಲ್ಲಿ?" ಎಂದು ಕೇಳುವುದು ಯಾವ ನ್ಯಾಯ?

ಇಂದಿನ ಕಾಲದ ಇನ್ನೊಂದು ಕಾಟವಿದೆ. ಪೇಟೆಯ ಕೀಬೋರ್ಡ್ ಕ್ಲಾಸುಗಳಲ್ಲಿ ಮನೆಗಳ ಮೇಲೆ ನಂಬರಿನ ಚೀಟಿ ಅಂಟಿಸುತ್ತಾರೆ. ಮೊಬೈಲಿನಲ್ಲಿ ಬಣ್ಣದ ಕಡ್ಡಿ ಇಳಿದು ಬಂದಾಗ ಅದೇ ಬಣ್ಣದ ಜಾಗ ಒತ್ತಿದರೆ ಹಾಡು ಬರುತ್ತದೆ. ಶಾಲಾ ವಾರ್ಷಿಕೋತ್ಸವದಲ್ಲಿ ಕರೋಕೆ ಟ್ರ್ಯಾಕು ಹಾಕುತ್ತಾರೆ. ಶ್ರುತಿ ಮಗುವಿಗೆ ಕೂಡುತ್ತದೆಯೋ ಇಲ್ಲವೋ, ಮಗು ಕಿರುಚಿಯಾದರೂ ಅದಕ್ಕೆ ಕೂಡಬೇಕು. ಕಿಕ್ಕೇರಿಯ ಕೆ.ಎಸ್. ನರಸಿಂಹಸ್ವಾಮಿಗಳ ಗೀತೆಗಳನ್ನು ಕೆ.ಆರ್. ಪೇಟೆಯ ಮಕ್ಕಳೇ ಹೀಗೆ ಹಾಡುವುದನ್ನು ಕೇಳಿ ಸಂಕಟಪಟ್ಟಿದ್ದೇನೆ. ನನಗೆ ಶ್ರೀರಂಗಪಟ್ಟಣದ ಆ ಮರದ ಹುಲಿ ನೆನಪಾಗುತ್ತದೆ. ಟಿಪ್ಪುವಿನ ಅರಮನೆಯಲ್ಲಿದ್ದು, 1799ರ ಸೋಲಿನ ಮೇಲೆ ಇಂಗ್ಲಿಷರ ಪಾಲಾಗಿ ಈಗ ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ಸಂಗ್ರಹಾಲಯದಲ್ಲಿರುವ ಹುಲಿ. ಹೊಟ್ಟೆಯೊಳಗೆ ಆರ್ಗನ್ ಇದೆ. ಹಿಡಿ ತಿರುಗಿಸಿದರೆ ಗರ್ಜಿಸುತ್ತದೆ, ಮನೆ ಒತ್ತಿದರೆ ಸ್ವರ ನುಡಿಯುತ್ತದೆ. ಸೊಗಸಾದ ಯಂತ್ರವೇ, ಆದರೆ ತಾನು ಏನು ನುಡಿದೆ ಎಂದು ಅದಕ್ಕೆ ಕೇಳಿಸುವುದಿಲ್ಲ. ನಮ್ಮ ಮಕ್ಕಳನ್ನು ಹಾಗೆ ಮಾಡಬೇಕೆ?

ದೂರಿದರೆ ಸಾಲದು, ಏನು ಮಾಡಬೇಕೆಂದೂ ಹೇಳಬೇಕು. ಮೊದಲನೆಯದು, ಎಷ್ಟೋ ಶಾಲೆಗಳಲ್ಲಿ ಹಾರ್ಮೋನಿಯಂ ಸ್ಟಾಕ್ ರಿಜಿಸ್ಟರಿನಲ್ಲಿ ಒಂದು ಸಾಲಾಗಿ, ಬೀರುವಿನಲ್ಲಿ ಒಂದು ಗಂಟಾಗಿ ಇದೆ. ಕೆಟ್ಟರೆ ಯಾರು ಹೊಣೆ ಎಂಬ ಭಯ. ಅದನ್ನು ಹೊರಗೆ ತೆಗೆದು ದಿನಕ್ಕೆ ಅರ್ಧ ಗಂಟೆ ಮಕ್ಕಳ ಕೈಗೆ ಕೊಡಿ. ಇಲಿ ಕಡಿದು ಹಾಳಾಗುವುದಕ್ಕಿಂತ ಮಕ್ಕಳು ನುಡಿಸಿ ಹಾಳಾಗುವುದು ಮೇಲು. ಎರಡನೆಯದು, ಹಾಡಿನ ಸ್ಪರ್ಧೆಗಳಲ್ಲಿ ಮಗು ಮೊದಲೇ ಉರು ಹೊಡೆದು ತಂದ ಹಾಡಿಗೆ ಎಲ್ಲ ಅಂಕಗಳನ್ನೂ ಸುರಿಯಬೇಡಿ. ತೀರ್ಪುಗಾರರು ಅಲ್ಲಿಯೇ ಹೊಸದೊಂದು ಸಾಲು ಹಾಡಲಿ, ಮಗು ಕೇಳಿ ತಿರುಗಿ ಹಾಡಲಿ. ಅದಕ್ಕೆ ಕಾಲು ಭಾಗ ಅಂಕವಿರಲಿ. ಆಗ ತೀರ್ಪುಗಾರರ ಕಿವಿಯೂ ಪರೀಕ್ಷೆಯಾಗುತ್ತದೆ, ಅದೊಂದು ಲಾಭ. ಮೂರನೆಯದು, ಊರಿನ ಸೋಬಾನೆಯ ಅಜ್ಜಿಯನ್ನು ತಿಂಗಳಿಗೊಮ್ಮೆ ಶಾಲೆಗೆ ಕರೆಯಿರಿ. ಶಾಲು ಹೊದಿಸಿ ಫೋಟೋ ತೆಗೆದು ಕಳಿಸಲು ಕರೆಯಬೇಡಿ. ಕುರ್ಚಿ ಹಾಕಿ, ಸಂಭಾವನೆ ಕೊಟ್ಟು, ಪಾಠ ಹೇಳಿಸಲು ಕರೆಯಿರಿ. ನಾಲ್ಕನೆಯದು, ಕಲಾವಿದರ ಅರ್ಜಿ ನೋಡುವವರು ಕಾಗದ ಇಲ್ಲದಿದ್ದರೆ ಒಂದು ಹಾರ್ಮೋನಿಯಂ ತರಿಸಿ ಮುಂದಿಡಲಿ. ಐದು ನಿಮಿಷ ಕೇಳಿದರೆ ತಿಳಿಯುತ್ತದೆ.

ಸಂಗೀತದ ಕ್ಲಾಸು ನಡೆಸುವ ಮಹನೀಯರಿಗೆ ಒಂದೇ ಕೋರಿಕೆ. ಹಳ್ಳಿಯಿಂದ ಒಂದು ಮಗು ಬಂದು ತಾನು ಕಲಿತದ್ದನ್ನು ನುಡಿಸಿದರೆ ಕೊನೆಯವರೆಗೆ ಕೇಳಿ. ಆಮೇಲೆ ಸರಳೆ ವರಸೆ ಹೇಳಿಕೊಡಿ, ಬೇಕಾದರೆ ತಿದ್ದಿ, ಬೈದು ತಿದ್ದಿದರೂ ಸರಿ. ಮರೆತು ಬಾ ಎಂದು ಮಾತ್ರ ಹೇಳಬೇಡಿ.